ಗ್ಯಾರಾರ್ಡ್ 401ಕ್ಕೆ ಗ್ರಾನೈಟ್ ಪ್ಲಿಂತ್ ಮಾಡಿಸುವ ಮುನ್ನ ಇದನ್ನು ಓದಿ

ಬೆಂಗಳೂರಿನಲ್ಲಿರುವ ಒಂದು ಗ್ಯಾರಾರ್ಡ್ 401 ರೆಕಾರ್ಡ್ ಪ್ಲೇಯರಿಗೆ ಕಪ್ಪು ಗ್ರಾನೈಟಿನ ಪ್ಲಿಂತ್ (ಯಂತ್ರ ಕೂರುವ ಪೀಠ), ಹೊರದೇಶದಿಂದ ತರಿಸಿದ ಹೊಸ ಬೇರಿಂಗ್, ದಪ್ಪ ಮ್ಯಾಟ್, ರೆಕಾರ್ಡಿನ ಮೇಲೆ ಕೂರಿಸುವ ಭಾರದ ಬಿಲ್ಲೆ ಎಲ್ಲವೂ ಬಂದವು. ಇಷ್ಟಾದ ಮೇಲೆ ಅದು ಹಳೇ ಮರದ ಪೆಟ್ಟಿಗೆಯಲ್ಲಿ ನುಡಿಯುತ್ತಿದ್ದುದಕ್ಕಿಂತ ಕೆಟ್ಟದಾಗಿ ನುಡಿಯುತ್ತಿದೆ. ಎರಡು ಹಾಡುಗಳ ನಡುವೆ ಗೊರ್ ಎಂಬ ಸದ್ದು, ಪಿಟೀಲಿನ ಮೇಲುಸ್ವರಗಳಲ್ಲಿ ಕಿವಿ ಕೊರೆಯುವ ಚೂಪು, ಅದರ ಜೊತೆಗೆ ಒಂದೇ ಲಯದಲ್ಲಿ ಬರುವ ದಡ್ ದಡ್. ಯಂತ್ರ ಕೆಟ್ಟದ್ದಲ್ಲ, ಕೆಲಸ ಮಾಡಿಸಿದ ಕ್ರಮ ಕೆಟ್ಟದ್ದು. ಇದೇ ದಾರಿಯಲ್ಲಿ ಹೊರಟವರು ಇನ್ನೂ ಹಲವರಿರುವುದರಿಂದ ಎಲ್ಲವನ್ನೂ ಬಿಡಿಸಿ ಹೇಳಬೇಕಾಗಿದೆ.

401 ಇಂಗ್ಲೆಂಡಿನ ಸ್ವಿಂಡನ್‌ನಲ್ಲಿ 1960ರ ದಶಕದ ನಡುವಿನಿಂದ ತಯಾರಾದ ಯಂತ್ರ. ಮೋಟರಿನ ಪುಲ್ಲಿಗೂ ರೆಕಾರ್ಡನ್ನು ಹೊತ್ತು ತಿರುಗುವ ತಟ್ಟೆಯಾದ ಪ್ಲ್ಯಾಟರಿನ ಒಳಅಂಚಿಗೂ ನಡುವೆ ಒಂದು ರಬ್ಬರ್ ಚಕ್ರ ಒತ್ತಿಕೊಂಡು ತಿರುಗುತ್ತದೆ, ಅದೇ ಐಡ್ಲರ್. ನಾಲ್ಕು ಪೋಲಿನ ಈ ಮೋಟರ್ ನಮ್ಮ 50 ಹರ್ಟ್ಸ್ ಕರೆಂಟಿನಲ್ಲಿ ನಿಮಿಷಕ್ಕೆ 1500ಕ್ಕಿಂತ ತುಸು ಕಡಿಮೆ ಸುತ್ತು ತಿರುಗುತ್ತದೆ. ಅಂದರೆ ಸೆಕೆಂಡಿಗೆ ಸುಮಾರು 24 ಕಂಪನ. ಐಡ್ಲರಿನ ಬದಲು ರಬ್ಬರ್ ಬೆಲ್ಟ್ ಇದ್ದಿದ್ದರೆ ಇದರಲ್ಲಿ ಬಹುಪಾಲನ್ನು ಅದೇ ನುಂಗುತ್ತಿತ್ತು. ಇಲ್ಲಿ ಮೋಟರನ್ನು ತೂಗುಹಾಕಿರುವ ಸ್ಪ್ರಿಂಗುಗಳನ್ನು ದಾಟಿ ಉಳಿಯುವ ಕಂಪನ ಷಾಸಿಗೆ, ಅಂದರೆ ಭಾಗಗಳನ್ನೆಲ್ಲ ಹೊತ್ತ ಲೋಹದ ಚೌಕಟ್ಟಿಗೆ ಬಂದು, ಅಲ್ಲಿಂದ ಮುಳ್ಳನ್ನು ಹಿಡಿದ ತೋಳಾದ ಟೋನ್‌ಆರ್ಮ್ ಮೂಲಕ ಮುಳ್ಳಿಗೆ ಸೇರುತ್ತದೆ. ಪ್ಲಿಂತ್ ಇರುವುದು ಆ ದಾರಿಯಲ್ಲಿ ಕಂಪನವನ್ನು ಕೊಲ್ಲುವುದಕ್ಕೆ. ಅಂದ ಆಮೇಲಿನ ಮಾತು.

ಗ್ರಾನೈಟ್ ಇಲ್ಲೇ ಸೋಲುತ್ತದೆ. ಚಾಮರಾಜನಗರ, ಕನಕಪುರದ ಕಡೆಯ ಕಲ್ಲು ನಮ್ಮಲ್ಲಿ ಸುಲಭವಾಗಿ ಸಿಗುತ್ತದೆ, ಅಡುಗೆಮನೆ ಕಟ್ಟೆಗೆ ಕೊಯ್ಯುವ ಅಂಗಡಿಯವರೇ ಇದನ್ನೂ ಕೊಯ್ದುಕೊಡುತ್ತಾರೆ. ಹೊರದೇಶಗಳಲ್ಲಿ ಸ್ಲೇಟ್ ಕಲ್ಲಿನ ಪ್ಲಿಂತ್‌ಗಳಿಗೆ ಒಳ್ಳೆಯ ಹೆಸರಿದೆ, ಅದನ್ನು ಕೇಳಿ ‘ಕಲ್ಲು ಕಲ್ಲೇ ತಾನೇ’ ಅಂದುಕೊಳ್ಳುತ್ತಾರೆ. ಸ್ಲೇಟ್ ಪದರ ಪದರವಾದ ಕಲ್ಲು, ತಟ್ಟಿದರೆ ಸದ್ದು ಬೇಗ ಸಾಯುತ್ತದೆ. ಗ್ರಾನೈಟ್ ಹರಳು ಹರಳಾಗಿ ಬಿಗಿದುಕೊಂಡಿರುವ ಗಟ್ಟಿ ಕಲ್ಲು, ತಟ್ಟಿದರೆ ಗಂಟೆಯಂತೆ ನಾದ ಬಿಡುತ್ತದೆ. ಪಿಟೀಲಿನ ಚೂಪು ಹುಟ್ಟಿದ್ದು ಅಲ್ಲಿಂದ. 20 ಮಿಮೀ ದಪ್ಪದ ಎರಡು ಹಲಗೆಗಳನ್ನು ಎಪಾಕ್ಸಿಯಲ್ಲಿ ಅಂಟಿಸಿದ್ದರಿಂದಲೂ ಪ್ರಯೋಜನವಾಗಲಿಲ್ಲ. ಎಪಾಕ್ಸಿ ಒಣಗಿದರೆ ಕಲ್ಲಿನಷ್ಟೇ ಬಿರುಸು, ಹಾಗಾಗಿ ಎರಡೂ ಸೇರಿ ಒಂದೇ ದಪ್ಪ ಹಲಗೆಯಾಯಿತು. ಪದರಗಳ ನಡುವೆ ಮೆತ್ತನೆಯ, ಕಂಪನವನ್ನು ಹೀರುವ ವಸ್ತು ಇದ್ದರೆ ಮಾತ್ರ ಪದರ ಹಾಕಿದ್ದಕ್ಕೆ ಅರ್ಥ. ತೂಕವನ್ನೂ ಲೆಕ್ಕ ಹಾಕಿ: 500 × 420 × 40 ಮಿಮೀ ಗ್ರಾನೈಟ್, ರಂಧ್ರ ಕೊರೆಯುವ ಮುನ್ನ, ಸುಮಾರು 22ರಿಂದ 25 ಕಿಲೋ. ಅದನ್ನು ಗಾಜಿನ ಟೀಪಾಯಿಯ ಮೇಲಿಟ್ಟಿದ್ದರು.

ಎರಡನೆಯ ಅನಾಹುತ ಕಾಗದದಿಂದ ಬಂದದ್ದು. ಷಾಸಿ ಕೂರುವ ರಂಧ್ರದ ನಕ್ಷೆಯನ್ನು ‘ಫಿಟ್ ಟು ಪೇಜ್’ ಆಯ್ಕೆಯಲ್ಲೇ ಪ್ರಿಂಟ್ ಹಾಕಿಸಿದ್ದರಿಂದ ಅದು 97 ಶೇಕಡಾಕ್ಕೆ ಕುಗ್ಗಿತ್ತು. ಹೀಗಾದಾಗ 300 ಮಿಮೀ ಇರಬೇಕಾದದ್ದು 291 ಆಗುತ್ತದೆ. ಷಾಸಿ ಒಳಗಿಳಿಯಲಿಲ್ಲ, ಸ್ಥಳದಲ್ಲೇ ಗ್ರೈಂಡರ್ ಹಿಡಿದು ಕಣ್ಣಂದಾಜಿನಲ್ಲಿ ಅಗಲ ಮಾಡಿದರು. ಇಳಿಯಿತು, ಆದರೆ ಮೋಟರಿನ ಒಂದು ಪಕ್ಕ ಕಲ್ಲಿಗೆ ತಾಗಿಯೇ ಉಳಿಯಿತು. ಆ ಕ್ಷಣಕ್ಕೆ ಮೋಟರಿನ ಸ್ಪ್ರಿಂಗುಗಳೆಲ್ಲ ಇದ್ದೂ ಇಲ್ಲದಂತಾದವು. ಗೊರ್ ಸದ್ದಿಗೆ ಮುಖ್ಯ ಕಾರಣ ಇದೇ. ಟೋನ್‌ಆರ್ಮಿನ ರಂಧ್ರಕ್ಕೂ ಅದೇ ನಕ್ಷೆ. ರೇಗಾ ಆರ್‌ಬಿ 300 ಆರ್ಮಿಗೆ ಸ್ಪಿಂಡಲಿನಿಂದ (ಪ್ಲ್ಯಾಟರಿನ ನಡುವಿನ ಕಡ್ಡಿ) ಆರ್ಮ್ ತಿರುಗುವ ಕೇಂದ್ರಕ್ಕೆ 222 ಮಿಮೀ ಬೇಕು, ಸಿಕ್ಕಿದ್ದು 215ರ ಆಸುಪಾಸು. ಎಸ್‌ಎಂಇ 3009ರಂತೆ ಜಾರುವ ತಳವಿದ್ದರೆ ಸ್ವಲ್ಪ ಹೊಂದಿಸಿಕೊಳ್ಳಬಹುದಿತ್ತು. ರೇಗಾದಲ್ಲಿ ಆ ಸೌಕರ್ಯವಿಲ್ಲ, ಹೆಡ್‌ಷೆಲ್ಲಿನ ಸೀಳಿನಲ್ಲಿ, ಅಂದರೆ ಆರ್ಮಿನ ತುದಿಯಲ್ಲಿ, ಮುಳ್ಳಿರುವ ಕಾರ್ಟ್ರಿಡ್ಜನ್ನು ಎಷ್ಟು ಹಿಂದೆ ಮುಂದೆ ಮಾಡಿದರೂ 7 ಮಿಮೀ ದೋಷ ಸರಿಹೋಗುವುದಿಲ್ಲ. ಮರದಲ್ಲಾಗಿದ್ದರೆ ರಂಧ್ರ ಮುಚ್ಚಿ ಮತ್ತೆ ಕೊರೆಯಬಹುದಿತ್ತು.

ನಕ್ಷೆಯನ್ನು 100 ಶೇಕಡಾ ಅಳತೆಯಲ್ಲೇ ಪ್ರಿಂಟ್ ಹಾಕಿ, ಅದರ ಮೇಲಿನ ಅಳತೆಗೆರೆಯನ್ನು ಉಕ್ಕಿನ ಸ್ಕೇಲಿನಲ್ಲಿ ಉದ್ದಕ್ಕೂ ಅಡ್ಡಕ್ಕೂ ನೋಡಿ. ಗ್ಯಾರಾರ್ಡಿನದೇ ಹಿಂದಿನ ಮಾದರಿಯಾದ 301ರ ನಕ್ಷೆ 401ಕ್ಕೆ ಆಗುವುದಿಲ್ಲ. ಮೊದಲು 6 ಮಿಮೀ ಅಗ್ಗದ ಪ್ಲೈನಲ್ಲಿ ಕೊಯ್ದು ಷಾಸಿ ಇಳಿಸಿ, ಕೆಳಗಿನಿಂದ ಟಾರ್ಚ್ ಬಿಟ್ಟು ಮೋಟರ್, ಲಿಂಕುಗಳು, ವೈರು ಎಲ್ಲಕ್ಕೂ ಸುತ್ತ ಜಾಗವಿದೆಯೇ ನೋಡಿ. ಬೆರಳಿನಿಂದ ಮೋಟರನ್ನು ತಳ್ಳಿದರೆ ಎಲ್ಲ ದಿಕ್ಕಿಗೂ ಸಮನಾಗಿ ಆಡಿ ವಾಪಸು ಬರಬೇಕು. ತಳದ ಹಲಗೆಗೂ ಮೋಟರ್ ತಾಗಬಾರದು.

ನನ್ನ ಆಯ್ಕೆ ಪ್ಲೈ. 18 ಮಿಮೀ ಬರ್ಚ್ ಪ್ಲೈನ ನಾಲ್ಕು ಪದರ, ಒಟ್ಟು 72 ಮಿಮೀ, 500 × 400 ಅಳತೆಯಲ್ಲಿ ಕೊರೆಯುವ ಮುನ್ನ 10 ಕಿಲೋ ಹತ್ತಿರ ತೂಗುತ್ತದೆ. ಬರ್ಚ್ ಸಿಗದಿದ್ದರೆ ಐಎಸ್ 710 ಗುರುತಿನ ಮೆರೈನ್ ಪ್ಲೈ ಸಾಕು, ಆದರೆ ಅಂಚು ನೋಡಿ ತನ್ನಿ, ಒಳಗೆ ಟೊಳ್ಳಿದ್ದರೆ ಅಲ್ಲೇ ಅದುರುತ್ತದೆ. ನಡುವಿನ ಒಂದು ಪದರ ಎಂಡಿಎಫ್ (ಮರದ ನಾರನ್ನು ಒತ್ತಿ ಮಾಡಿದ ಹಲಗೆ) ಆದರೆ ಇನ್ನೂ ಒಳ್ಳೆಯದು. ಆರ್ಮಿಗೆ ಬೇರೆಯೇ ತುಂಡು ಹಲಗೆ ಇಟ್ಟು ಬೋಲ್ಟ್ ಹಾಕಿಸಿ, ನಾಳೆ ಆರ್ಮ್ ಬದಲಾದರೆ ಆ ತುಂಡು ಮಾತ್ರ ಬದಲಾಗುತ್ತದೆ. ಷಾಸಿ ಕೂರುವ ಮೇಲ್ಮೈ ಸಪಾಟಾಗಿರಲೇಬೇಕು. ಏರುತಗ್ಗಿನ ಮೇಲೆ ಬೋಲ್ಟುಗಳನ್ನು ಬಿಗಿದರೆ ಷಾಸಿ ತಿರುಚಿಕೊಳ್ಳುತ್ತದೆ. ಕೈಬಿಗಿ ಮಾಡಿ, ಆಮೇಲೆ ಒಂದೊಂದು ಬೋಲ್ಟಿಗೂ ಸ್ವಲ್ಪ ಸ್ವಲ್ಪವೇ ತಿರುವು ಕೊಡಿ. ಕೊನೆಗೆ ರಸಮಟ್ಟವನ್ನು ಪ್ಲ್ಯಾಟರಿನ ಮೇಲಿಟ್ಟು ನೋಡಿ, ಪ್ಲಿಂತಿನ ಮೇಲಲ್ಲ.

ಇನ್ನು ಆ ದಡ್ ದಡ್. ಅದು ಐಡ್ಲರಿನ ರಬ್ಬರಿನಲ್ಲಿ ಬಿದ್ದ ತಗ್ಗು. ನಮ್ಮ ಮನೆಗಳಲ್ಲಿ ಗೋಡೆಯ ಸ್ವಿಚ್ಚಿನಲ್ಲೇ ಎಲ್ಲವನ್ನೂ ಆರಿಸುವ ರೂಢಿ. ಹಾಗೆ ಆರಿಸಿದರೆ 401ರ ಐಡ್ಲರ್ ಪುಲ್ಲಿಗೆ ಒತ್ತಿಕೊಂಡೇ ನಿಲ್ಲುತ್ತದೆ, ರಬ್ಬರ್ ಅಲ್ಲೇ ಅದುಮಿಹೋಗುತ್ತದೆ. ಯಂತ್ರದ್ದೇ ಗುಂಡಿಯನ್ನು ಆಫ್‌ಗೆ ತಿರುಗಿಸಿದರೆ ಮಾತ್ರ ಐಡ್ಲರ್ ಹಿಂದೆ ಸರಿಯುತ್ತದೆ. ದಯವಿಟ್ಟು ಮನೆಯವರೆಲ್ಲರಿಗೂ ಹೇಳಿಡಿ. ಐಡ್ಲರಿನ ವ್ಯಾಸ ಕಡಿಮೆಯಾದರೆ ವೇಗ ಬದಲಾಗುವುದಿಲ್ಲ, ಆದರೆ ಅದು ಪೂರ್ತಿ ದುಂಡಗಿರಬೇಕು.

ಬೇರಿಂಗಿಗೆ ಹಾಕಿದ ದುಡ್ಡಿನಲ್ಲಿ ಒಂದು ಭಾಗವನ್ನು ಇಂಥ ಕೆಲಸಕ್ಕೆ ಹಾಕಿದ್ದರೆ ಸಾಕಿತ್ತು. ಮೋಟರ್ ಬಿಚ್ಚಿ ಒರೆಸಿ, ಕಂಚಿನ ಬುಷ್‌ಗಳಿಗೆ ಡಿಟರ್ಜೆಂಟ್ ಬೆರೆಸದ ತೆಳು ಎಣ್ಣೆ ಹಿಡಿಸಿ. ಗ್ರೇಡ್ 32ರ ಟರ್ಬೈನ್ ಎಣ್ಣೆ ಆಗುತ್ತದೆ. ಡಬ್ಲ್ಯುಡಿ-40 ಬೇಡ, ಅದು ಬುಷ್‌ನೊಳಗಿನ ಎಣ್ಣೆಯನ್ನೂ ತೊಳೆದುಬಿಡುತ್ತದೆ. ಸ್ವಿಚ್ಚಿನ ಕಿಡಿಯನ್ನು ತಡೆಯುವ ಹಳೆಯ ಸಪ್ರೆಸರ್ ಕೆಪಾಸಿಟರ್ ತೆಗೆದು ಎಕ್ಸ್2 ದರ್ಜೆಯದನ್ನು ಹಾಕಿಸಿ. ಮೂರು ತಂತಿಯ ಕೇಬಲ್ ಹಾಕಿ ಷಾಸಿಗೆ ಅರ್ಥಿಂಗ್ ಕೊಡಿ, ಟೋನ್‌ಆರ್ಮಿನ ಅರ್ಥ್ ತಂತಿ ಬೇರೆಯಾಗಿ ಮುಳ್ಳಿನ ಸಣ್ಣ ಸಿಗ್ನಲನ್ನು ದೊಡ್ಡದು ಮಾಡುವ ಫೋನೋ ಪ್ರೀಆಂಪಿಗೆ ಹೋಗಲಿ. ಎರಡೂ ಒಂದಕ್ಕೊಂದು ತಾಗಿದರೆ ಗುಂಯ್ ಎನ್ನುತ್ತದೆ. ಅಮೆರಿಕದಿಂದ ಬಂದ ಯಂತ್ರವಾದರೆ ಕರೆಂಟ್ ಕೊಡುವ ಮೊದಲೇ ವೋಲ್ಟೇಜ್ ಲಿಂಕುಗಳನ್ನು ನೋಡಿ. 110ಕ್ಕೆ ಇದ್ದದ್ದನ್ನು 230ಕ್ಕೆ ಹಚ್ಚಿದರೆ ಕಾಯಿಲ್ ಸುಟ್ಟುಹೋಗುತ್ತದೆ. 60 ಹರ್ಟ್ಸ್ ಪುಲ್ಲಿ ಇದ್ದರೆ 33⅓ರ ಬದಲು 27.8ರಲ್ಲಿ ತಿರುಗುತ್ತದೆ, ವೇಗದ ಗುಂಡಿಯಿಂದ ಅದನ್ನು ಸರಿಮಾಡಲಾಗದು, ಪುಲ್ಲಿಯನ್ನೇ ಬದಲಿಸಬೇಕು.

ಗ್ರಾನೈಟ್ ಪ್ಲಿಂತ್ ಈಗಾಗಲೇ ಬಂದಿದ್ದರೆ ಷಾಸಿಯನ್ನು ಅದರಿಂದ ಬಿಡಿಸಿ ಪ್ಲೈಗೆ ಸಾಗಿಸಿ. ಕಲ್ಲನ್ನು ಗಟ್ಟಿ ಮರದ ಸ್ಟ್ಯಾಂಡಿನ ಮೇಲೆ ಬರಿಯ ತಳವಾಗಿ ಬಳಸಿ, ಕಲ್ಲಿಗೂ ಪ್ಲಿಂತಿಗೂ ನಡುವೆ ಮೂಲೆಗೊಂದರಂತೆ ರಬ್ಬರ್ ಬೆರೆತ ಕಾರ್ಕ್ ತುಂಡು ಇಡಿ. ಆಮೇಲೆ ಪ್ಲ್ಯಾಟರ್ ನಿಲ್ಲಿಸಿ, ನಿಂತ ರೆಕಾರ್ಡಿನ ಮೇಲೆ ಮುಳ್ಳಿಟ್ಟು, ವಾಲ್ಯೂಮ್ ಮೆಲ್ಲಗೆ ಏರಿಸಿ, ಗೆಣ್ಣಿನಿಂದ ಪ್ಲಿಂತನ್ನು ತಟ್ಟಿ ನೋಡಿ. ಸ್ಪೀಕರಿನಲ್ಲಿ ಮೊಂಡು ಸದ್ದೊಂದು ಬಂದು ತಕ್ಷಣ ನಿಂತರೆ ಸರಿ. ನಾದ ಎಳೆದರೆ ಕಾರ್ಕಿನ ಜಾಗ ಬದಲಿಸಿ ಮತ್ತೆ ತಟ್ಟಿ.