ಮೊದಲ ಸಿಂಥ್ ಫಿಲ್ಟರ್: ಲ್ಯಾಡರ್, ಓಟಿಎ, ಇಲ್ಲಾ ವ್ಯಾಕ್ಟ್ರೋಲ್?

ಯೂರೋರ್‍ಯಾಕ್‌ ಎಂಬ ಬಿಡಿ ಮಾಡ್ಯೂಲ್‌ಗಳ ಸಿಂಥಸೈಜರ್‌ಗೆ ಕಡಿಮೆ ಖರ್ಚಲ್ಲಿ ಫಿಲ್ಟರ್ (ದನಿಯ ಕೆಲವು ಕಂಪನಾಂಕಗಳನ್ನು ಸೋಸುವ ಸರ್ಕ್ಯೂಟ್) ಕಟ್ಟಬೇಕು ಅಂದರೆ ಹೆಚ್ಚಿನವರ ಕಣ್ಣು ಮೊದಲು ಹೋಗುವುದು ಮೂಗ್ ಲ್ಯಾಡರ್ (ಟ್ರಾನ್ಸಿಸ್ಟರ್ ಜೋಡಿಗಳನ್ನು ಏಣಿಯಂತೆ ಒಂದರ ಮೇಲೊಂದು ಇಟ್ಟ ಫಿಲ್ಟರ್) ಕಡೆಗೆ. ಬಿಡಿ ಟ್ರಾನ್ಸಿಸ್ಟರ್‌ಗಳು ಚಿಲ್ಲರೆ ಕಾಸಿಗೆ ಸಿಗುತ್ತವೆ, ಕಟಾಫ್ (ಸೋಸುವಿಕೆ ಶುರುವಾಗುವ ಕಂಪನಾಂಕ) ದಾಟಿದ ಮೇಲೆ ಆಕ್ಟೇವ್‌ಗೆ 24 ಡೆಸಿಬಲ್ ಇಳಿತ, ದಪ್ಪ ದನಿ. ಆದರೆ ಮೇಲಿನ ಮತ್ತು ಕೆಳಗಿನ ಜೋಡಿಗಳನ್ನು ಅಳೆದು ಹೊಂದಿಸಬೇಕು. ರೆಸೊನೆನ್ಸ್ (ಕಟಾಫ್ ಬಳಿಯ ದನಿಯನ್ನು ಎತ್ತಿ ತೋರಿಸುವುದು) ಏರಿಸಿದಂತೆ ಬೇಸ್ ಸೊರಗುತ್ತದೆ. ಕೆಲವರಿಗೆ ಅದೇ ಇಷ್ಟ ಅನ್ನಿ.

ಓಟಿಎ (ಕರೆಂಟಿನಿಂದ ಗೇನ್ ಹತೋಟಿ ಮಾಡಬಹುದಾದ ಆಂಪ್) ದಾರಿಯಲ್ಲಿ ಎಲ್‌ಎಂ13700 ಎಂಬ ಒಂದೇ ಚಿಪ್ ಸಾಕು. ಅದರೊಳಗೆ ಎರಡು ಆಂಪ್, ಎರಡು ಬಫರ್ ಇವೆ. ಸ್ಟೇಟ್ ವೇರಿಯಬಲ್ ಫಿಲ್ಟರ್ ಮಾಡಿದರೆ ಲೋಪಾಸ್ (ತಗ್ಗು ದನಿ ಮಾತ್ರ ಬಿಡುವುದು), ಬ್ಯಾಂಡ್‌ಪಾಸ್ (ನಡುವಿನ ಒಂದು ಪಟ್ಟಿ ಮಾತ್ರ ಬಿಡುವುದು) ಎರಡೂ ಒಟ್ಟಿಗೆ ಸಿಗುತ್ತವೆ. ಇಳಿತ 12 ಡೆಸಿಬಲ್ ಮಾತ್ರ. ಒಂದು ವಿಷಯ ಗಮನಿಸಿ: ಇದರ ಇನ್‌ಪುಟ್ ಕೆಲವೇ ಮಿಲಿವೋಲ್ಟ್ ತಡೆಯುತ್ತದೆ, ಜಾಸ್ತಿಯಾದರೆ ದನಿ ಒಡೆಯುತ್ತದೆ. ಅದಕ್ಕೇ ಇನ್‌ಪುಟ್‌ಗೆ ಮುಂಚೆ ಸಾಲಾಗಿ 100 ಕಿಲೋಓಮ್ ರೆಸಿಸ್ಟರ್, ಇನ್‌ಪುಟ್‌ನಿಂದ ನೆಲಕ್ಕೆ (ಗ್ರೌಂಡ್) 220 ಓಮ್ ಹಾಕುತ್ತಾರೆ. 5 ವೋಲ್ಟ್ ಆಗ ಸುಮಾರು 11 ಮಿಲಿವೋಲ್ಟ್‌ಗೆ ಇಳಿಯುತ್ತದೆ. ಸ್ವಲ್ಪ ಕೊಳಕು ದನಿ ಬೇಕಾದರೆ 220ರ ಬದಲು 470 ಹಾಕಿ ನೋಡಿ.

ವ್ಯಾಕ್ಟ್ರೋಲ್ ಅಂದರೆ ಎಲ್‌ಇಡಿ, ಎಲ್‌ಡಿಆರ್ (ಬೆಳಕು ಬಿದ್ದಾಗ ರೋಧ ಇಳಿಯುವ ರೆಸಿಸ್ಟರ್; ಆ ರೋಧವೇ ಫಿಲ್ಟರ್ ತೆರೆದು ಮುಚ್ಚುತ್ತದೆ) ಎದುರುಬದುರು ಇಟ್ಟು ಕಪ್ಪು ಹೀಟ್‌ಶ್ರಿಂಕ್ ಸುತ್ತಿದರೆ ಆಯ್ತು. ಎಲ್ಲಕ್ಕಿಂತ ಸುಲಭ. ಬೆಳಕು ಆರಿದರೂ ಎಲ್‌ಡಿಆರ್ ನಿಧಾನವಾಗಿ ಮರಳುವುದರಿಂದ ತಾಳವಾದ್ಯದಂತಹ ದನಿ ತಾನಾಗೇ ಬರುತ್ತದೆ. ಆದರೆ ಕೀಬೋರ್ಡ್ ಜೊತೆ ಶ್ರುತಿ ಹಿಡಿದು ಸಾಗುವುದಿಲ್ಲ.

ಒಂದೇ ಕಟ್ಟುವುದಾದರೆ ನನ್ನ ಓಟು ಓಟಿಎಗೆ. ಲ್ಯಾಡರ್ ಎರಡನೆಯದಾಗಿರಲಿ.