ಐದೂವರೆ ಅಂಕದ ಲಾನಾ, ಒಂಬತ್ತು ದಾಟಿದ ಲಾನಾ

ಅಮೆರಿಕದ ಗಾಯಕಿ ಲಾನಾ ಡೆಲ್ ರೇಯ 'ಬಾರ್ನ್ ಟು ಡೈ' ಆಲ್ಬಂಗೆ 2012ರಲ್ಲಿ ಸಂಗೀತ ವಿಮರ್ಶೆಯ ವೆಬ್‌ಸೈಟ್ ಪಿಚ್‌ಫೋರ್ಕ್ ಹತ್ತಕ್ಕೆ 5.5 ಕೊಟ್ಟಿತ್ತು. 2019ರ 'ನಾರ್ಮನ್ ಫಕಿಂಗ್ ರಾಕ್‌ವೆಲ್'ಗೆ ಅದೇ ಪಿಚ್‌ಫೋರ್ಕ್ 9.4 ಕೊಟ್ಟಿತು. (ಹೆಸರಲ್ಲೇ ಬೈಗುಳ ಇದೆ. ಇನ್ಮುಂದೆ ಬರೀ 'ರಾಕ್‌ವೆಲ್' ಅಂತೀನಿ.) ಹಾಡುಗಳಲ್ಲಿ ಅಷ್ಟೊಂದು ಅಂತರ ಇದೆಯಾ? ನೋಡೇಬಿಡೋಣ ಅಂತ ಎರಡು ವಾರ ಬೇರೇನೂ ಕೇಳಲಿಲ್ಲ. ಬೆಳಿಗ್ಗೆ ಬಸ್ಸಲ್ಲಿ ಒಂದು, ರಾತ್ರಿ ಪಾತ್ರೆ ತೊಳೆಯುವಾಗ ಇನ್ನೊಂದು. ಎರಡನೇ ವಾರ ಅದಲು ಬದಲು.

ಬಸ್ಸಲ್ಲಿ 'ಬಾರ್ನ್ ಟು ಡೈ' ಸುಲಭವಾಗಿ ಗೆದ್ದಿತು. ದೊಡ್ಡ ದೊಡ್ಡ ವಯಲಿನ್ ಗುಂಪು, ಅಡಿಯಲ್ಲಿ ಹಿಪ್‌ಹಾಪ್ ಬೀಟು. ಹಾರ್ನ್ ಸದ್ದಿಗೆ ಅದು ಜಗ್ಗುವುದಿಲ್ಲ. ಮೊದಲ ನಾಲ್ಕು ಹಾಡು ಒಂದರ ಹಿಂದೆ ಒಂದು ಹಿಡಿದಿಡುತ್ತವೆ. ನಾಲ್ಕನೆಯದು 'ವಿಡಿಯೋ ಗೇಮ್ಸ್'. ಗಂಟೆ ಸದ್ದು, ಹಾರ್ಪ್, ಪಿಯಾನೋ, ಆಮೇಲೆ ಅವಳ ದಪ್ಪ, ಸುಸ್ತಾದ ದನಿ. ಪ್ರೀತಿಸುವವನು ಆಟ ಆಡುತ್ತಾ ಕೂತಿದ್ದಾನೆ, ಇವಳು ಅವನನ್ನೇ ನೋಡುತ್ತಿದ್ದಾಳೆ. ಅಷ್ಟೇ ಕತೆ. ಆದರೂ ನನ್ನ ಸ್ಟಾಪ್ ದಾಟಿ ಹೋದದ್ದು ಗೊತ್ತೇ ಆಗಲಿಲ್ಲ.

'ರಾಕ್‌ವೆಲ್' ಬಸ್ಸಲ್ಲಿ ಸೋತಿತು. ಪಿಯಾನೋ, ಗಿಟಾರ್ ಎಲ್ಲ ಎಂಜಿನ್ ಸದ್ದಲ್ಲಿ ಕರಗಿ ಹೋದವು. ಆದರೆ ರಾತ್ರಿ ಅಡುಗೆಮನೆಯಲ್ಲಿ ಕತೆಯೇ ಬೇರೆ. 'ವೆನಿಸ್ ಬಿಚ್' ಒಂಬತ್ತೂವರೆ ನಿಮಿಷದ ಹಾಡು. ಮಾಮೂಲಿ ಪಾಪ್ ಹಾಡಾಗಿದ್ದರೆ ಮೂರು ನಿಮಿಷಕ್ಕೇ ಮುಗೀಬೇಕು. ಇದು ಮುಗಿಯುವುದಿಲ್ಲ. ಗಿಟಾರ್ ಗೊಣಗುತ್ತಾ ಇರುತ್ತದೆ, ಅವಳು ನಡುನಡುವೆ ಬಂದು ಒಂದು ಸಾಲು ಹೇಳಿ ಹೋಗುತ್ತಾಳೆ. ಪಾತ್ರೆ ಮುಗಿದಿತ್ತು, ನಲ್ಲಿ ನಿಲ್ಲಿಸಿ ಸುಮ್ನೆ ನಿಂತೆ. ಸಂಗೀತ ನಿರ್ಮಾಪಕ ಜ್ಯಾಕ್ ಆಂಟೊನಾಫ್ ಜೊತೆ ಕೂತು ಮಾಡಿದ ಆಲ್ಬಂ ಇದು. ಏನನ್ನು ಬಿಡಬೇಕು ಅಂತ ಇಬ್ಬರಿಗೂ ಗೊತ್ತಿತ್ತು.

ಹಾಗಾದರೆ ವಿಮರ್ಶಕರು ಸರೀನಾ? ಅರ್ಧ. 'ಬಾರ್ನ್ ಟು ಡೈ' ಏಳನೇ ಹಾಡಿನಿಂದ ಹತ್ತರವರೆಗೆ ಜೋತು ಬೀಳುತ್ತದೆ. ಅದೇ ವಯಲಿನ್, ಅದೇ ಕೆಟ್ಟ ಹುಡುಗ. ಪುಣ್ಯಕ್ಕೆ 'ಸಮ್ಮರ್‌ಟೈಮ್ ಸ್ಯಾಡ್‌ನೆಸ್' ಬಂದು ಕಾಪಾಡುತ್ತದೆ. ಆದರೆ 5.5 ಬರೀ ಹಾಡಿಗೆ ಕೊಟ್ಟ ಅಂಕ ಅಂತ ನನಗನಿಸುವುದಿಲ್ಲ. ಆಲ್ಬಂ ಬರುವ ಎರಡು ವಾರ ಮೊದಲು ಅವಳು ಅಮೆರಿಕದ ಟಿವಿ ಕಾರ್ಯಕ್ರಮ 'ಸ್ಯಾಟರ್ಡೇ ನೈಟ್ ಲೈವ್'ನಲ್ಲಿ ತಡವರಿಸುತ್ತಾ ಹಾಡಿ ಎಲ್ಲರ ಬಾಯಿಗೆ ಬಿದ್ದಿದ್ದಳು. ನಿಜವಾದ ಹೆಸರು ಎಲಿಜಬೆತ್ ಗ್ರಾಂಟ್, ಮೊದಲು ಲಿಜ್ಜಿ ಗ್ರಾಂಟ್ ಅಂತ ಹಾಡುತ್ತಿದ್ದಳು, ಇದೆಲ್ಲಾ ವೇಷ, ನಕಲಿ ಅನ್ನುವ ಕೂಗು ಬೇರೆ. ಹೆಸರು ಬದಲಿಸಿಕೊಳ್ಳುವುದು ಅಪರಾಧವೇ? ಹಾಗಿದ್ದರೆ ಮುತ್ತುರಾಜ್ ಎಂಬ ಹುಡುಗ ರಾಜ್‌ಕುಮಾರ್ ಆಗಿದ್ದಕ್ಕೆ ನಾವೂ ಅಂಕ ಕಳೆಯಬೇಕಿತ್ತು!

ತಮಾಷೆ ಅಂದರೆ, ಏಳು ವರ್ಷದ ನಂತರವೂ ವೇಷ ಹೆಚ್ಚುಕಮ್ಮಿ ಅದೇ. ಅದೇ ಕ್ಯಾಲಿಫೋರ್ನಿಯಾ, ಅದೇ ಹಳೇ ಅಮೆರಿಕದ ಗುಂಗು, ಅದೇ ಕೈಗೆ ಸಿಗದ ಗಂಡಸರು. ಆಗ ನಕಲಿ ಅನಿಸಿದ್ದು ಈಗ ಆಳ ಅನಿಸಿತು. 'ರಾಕ್‌ವೆಲ್' ಗ್ರ್ಯಾಮಿಯಲ್ಲಿ ವರ್ಷದ ಆಲ್ಬಂಗೆ ನಾಮನಿರ್ದೇಶನವಾಯಿತು. ಪ್ರಶಸ್ತಿ ಗಾಯಕಿ ಬಿಲ್ಲಿ ಐಲಿಶ್ ಪಾಲಾಯಿತು, ಆ ಮಾತು ಬೇರೆ. 'ರಾಕ್‌ವೆಲ್' ಕೂಡ ನಡುವೆ ಎಳೆಯುತ್ತದೆ, 67 ನಿಮಿಷ ಸ್ವಲ್ಪ ಜಾಸ್ತಿಯೇ. ಅದನ್ನು ಮಾತ್ರ ಯಾರೂ ಅಷ್ಟಾಗಿ ಎತ್ತಿ ಆಡಲಿಲ್ಲ.

2021ರಲ್ಲಿ ಪಿಚ್‌ಫೋರ್ಕ್ ತನ್ನ ಹಳೇ ಅಂಕಗಳಲ್ಲಿ ಕೆಲವನ್ನು ತಿದ್ದಿತು. 'ಬಾರ್ನ್ ಟು ಡೈ' 7.8ಕ್ಕೆ ಏರಿತು. ನನ್ನ ಲೆಕ್ಕದಲ್ಲಿ ಅದಕ್ಕೆ 7.5, 'ರಾಕ್‌ವೆಲ್'ಗೆ 8.5. ಒಂದೇ ಅಂಕದ ವ್ಯತ್ಯಾಸ. ನಾಳೆ ಬೆಳಿಗ್ಗೆ ಬಸ್ಸಿಗೆ ಮಾತ್ರ 7.5ರದ್ದೇ ಬರುತ್ತದೆ. ಇಳಿಯೋ ಸ್ಟಾಪಿಗೆ ಅಲಾರಂ ಇಟ್ಟುಕೊಂಡಿದ್ದೇನೆ.