ಮೇಲಿನಿಂದಲೇ ಬಿಗಿಯುವ ಕಮೋಡ್ ಸೀಟು: ಮೂರು ತಿಂಗಳು ಬಳಸಿದ ಮೇಲೆ

ನಮ್ಮ ಅತ್ತೆಗೆ ಈಗ 74 ವರ್ಷ. ಎರಡೂ ಮಂಡಿ ಸವೆದಿವೆ. ಕಮೋಡ್ ಮೇಲೆ ಕೂರುವಾಗ ಎಡಗೈಯನ್ನು ಗೋಡೆಗೆ ಒತ್ತಿ, ಬಲಗೈಯನ್ನು ಸೀಟಿನ ಅಂಚಿಗೆ ಊರಿ, ಆಮೇಲೆ ನಿಧಾನವಾಗಿ ಭಾರ ಬಿಡುತ್ತಾರೆ. ಒಂದು ದಿನ ಬೆಳಿಗ್ಗೆ ಹಾಗೆ ಕೈ ಊರಿದಾಗ ಸೀಟು ಪಕ್ಕಕ್ಕೆ ಜಾರಿತು. ಪುಣ್ಯಕ್ಕೆ ಬೀಳಲಿಲ್ಲ. ಕೈ ಬಕೆಟ್ಟಿಗೆ ಬಡಿದು ಮಣಿಕಟ್ಟು ಊದಿಕೊಂಡಿತು. ಆದರೆ ಅವತ್ತಿನಿಂದ ಅವರು ನೀರು ಕುಡಿಯುವುದನ್ನೇ ಕಡಿಮೆ ಮಾಡಿಬಿಟ್ಟರು. ಜಾಸ್ತಿ ಕುಡಿದರೆ ಪದೇ ಪದೇ ಅಲ್ಲಿಗೆ ಹೋಗಬೇಕಲ್ಲ ಅಂತ. ಇದು ನನಗೆ ಗೊತ್ತಾಗಿದ್ದೇ ಹದಿನೈದು ದಿನ ಆದ ಮೇಲೆ. ತುಂಬಾ ಸಂಕಟವಾಯಿತು.

ನಮ್ಮದು ತುಮಕೂರು. ಮನೆ ಕಟ್ಟಿದ್ದು 1999ರಲ್ಲಿ. ಆಗ ಇಂಡಿಯನ್ ಟಾಯ್ಲೆಟ್ ಇತ್ತು. ಎಂಟು ವರ್ಷದ ಹಿಂದೆ ಅದನ್ನು ತೆಗೆಸಿ, ಅದೇ ಮೂಲೆಯಲ್ಲಿ ಕಮೋಡ್ ಕೂರಿಸಿದೆವು. ಜಾಗ ನಿಜವಾಗಿ ಸಾಲದು. ಕೂತವರ ಎಡಗಡೆ, ಕಮೋಡಿಗೂ ಗೋಡೆಗೂ ನಾಲ್ಕು ಬೆರಳಷ್ಟೇ ಸಂದು. ಹಿಂದೆ ಫ್ಲಷ್ ಟ್ಯಾಂಕ್ ಎಷ್ಟು ಹತ್ತಿರ ಇದೆಯೆಂದರೆ ಮುಚ್ಚಳ ಎತ್ತಿದರೆ ನೆಟ್ಟಗೆ ನಿಲ್ಲುತ್ತಿರಲಿಲ್ಲ, ಬೆನ್ನ ಮೇಲೆ ಬೀಳುತ್ತಿತ್ತು. ಅದರ ಮೇಲೆ, ಕೂರಿಸಿದವರು ಹಿಂಭಾಗಕ್ಕೆ ಬಿಳಿ ಸಿಮೆಂಟ್ ಮೆತ್ತುವಾಗ ಎಡಗಡೆಯ ನಟ್ಟಿಗೂ ಸ್ವಲ್ಪ ಮೆತ್ತಿಬಿಟ್ಟಿದ್ದರು.

ಸೀಟು ನಿಲ್ಲುವುದು ಹಿಂದುಗಡೆಯ ಎರಡು ತೂತುಗಳಲ್ಲಿ. ಮೇಲಿಂದ ಬೋಲ್ಟು ಇಳಿಯುತ್ತದೆ, ಕೆಳಗಡೆ ವಾಷರ್ ಹಾಕಿ ನಟ್ಟು ಬಿಗಿಯುತ್ತಾರೆ. ನಮ್ಮಲ್ಲಿ ಎಡಗಡೆಯ ಬೋಲ್ಟು ಕಬ್ಬಿಣದ್ದು. ಹೇಮಾವತಿ ನೀರು ಬರದ ದಿನ ನಾವು ಬಳಸುವುದು ಬೋರ್‌ವೆಲ್ ನೀರು, ಅದರಲ್ಲಿ ಉಪ್ಪು ಜಾಸ್ತಿ. ನಟ್ಟು ಬೋಲ್ಟು ತುಕ್ಕು ಹಿಡಿದು ಒಂದಕ್ಕೊಂದು ಅಂಟಿಕೊಂಡಿದ್ದವು. ಮಧ್ಯದ ರಬ್ಬರ್ ವಾಷರ್ ಮಾತ್ರ ಪುಡಿಯಾಗಿ ಹೋಗಿತ್ತು. ಅದಕ್ಕೇ ಸೀಟು ಅಲುಗಾಡುತ್ತಿತ್ತು, ಬಿಗಿ ಮಾಡೋಣ ಅಂದರೆ ನಟ್ಟು ತಿರುಗುತ್ತಿರಲಿಲ್ಲ.

ಬಂದು ನೋಡಿದ ಪ್ಲಂಬರ್ ಒಬ್ಬರು, 'ಕಮೋಡೇ ಬದಲಾಯಿಸಬೇಕು ಮೇಡಂ, ಕೈ ಹೋಗಲ್ಲ' ಅಂದರು. ಟೈಲ್ಸ್ ಒಡೆಯುವುದೂ ಸೇರಿ 14 ಸಾವಿರ ಹೇಳಿದರು. ಕಮೋಡ್ ಪಿಂಗಾಣಿಯಲ್ಲಿ ಒಂದು ಗೀರೂ ಇಲ್ಲ. ಅದನ್ನು ಒಡೆಸಲು ನನಗೆ ಮನಸ್ಸು ಬರಲಿಲ್ಲ.

ಆನ್‌ಲೈನಿನಲ್ಲಿ 'ಎಲ್ಲಾ ಕಮೋಡ್‌ಗೂ ಹೊಂದುತ್ತದೆ' ಅಂತ ಬರೆದಿದ್ದ ಒಂದು ಸೀಟು ತರಿಸಿದೆ. 850 ರೂಪಾಯಿ. ಹಳೇ ಸೀಟಿನ ಮೇಲೆ ಇಟ್ಟು ನೋಡಿದರೆ ಅದು ದುಂಡಗೆ, ನಮ್ಮದು ಮುಂದಕ್ಕೆ ಹೋಗ್ತಾ ಚೂಪಾಗುವ ಮೊಟ್ಟೆಯ ಆಕಾರ. ಮುಂದೆ ಎರಡು ಬೆರಳು ಗಿಡ್ಡ. ಅದನ್ನು ಬಿಗಿಯುವುದೂ ಕೆಳಗಿನಿಂದಲೇ. ವಾಪಸ್ ಕಳಿಸಿದೆ. ಎಲ್ಲಾ ಕಮೋಡ್‌ಗೂ ಹೊಂದುವ ಸೀಟು ಅನ್ನುವುದು ಇಲ್ಲವೇ ಇಲ್ಲ. ದಯವಿಟ್ಟು ಅಳತೆ ತೆಗೆದುಕೊಳ್ಳದೆ ದುಡ್ಡು ಕೊಡಬೇಡಿ.

ಆಮೇಲೆ ಸರಿಯಾಗಿ ಅಳೆದೆ. ಎರಡು ತೂತುಗಳ ನಡುವಿನಿಂದ ನಡುವಿಗೆ 15.5 ಸೆಂಟಿಮೀಟರ್. ತೂತುಗಳ ಸಾಲಿನಿಂದ ಕಮೋಡಿನ ಮೂತಿಯವರೆಗೆ 43. ಅಗಲ ಜಾಸ್ತಿ ಇರುವ ಕಡೆ 36. ಅಳತೆಯ ಜೊತೆಗೆ ಆಕಾರವೂ ಬೇಕು ಅಂತ ಕಮೋಡಿನ ಮೇಲೆ ಹಳೇ ಪೇಪರ್ ಹಾಸಿ, ಅಂಚಿನ ಸುತ್ತ ಪೆನ್ಸಿಲ್ ಎಳೆದು, ಕತ್ತರಿಸಿ ತೆಗೆದುಕೊಂಡು ಹೋದೆ. ಬ್ಲೌಸ್ ಹೊಲಿಯಲು ಅಳತೆ ಬ್ಲೌಸ್ ಕೊಡ್ತೀವಲ್ವಾ, ಹಾಗೆ.

ಬಿ.ಎಚ್. ರಸ್ತೆಯ ಒಂದು ಸ್ಯಾನಿಟರಿ ಅಂಗಡಿಗೆ ಹೋದೆ. ಅಲ್ಲಿ ವಯಸ್ಸಾದ ಯಜಮಾನರು ಕೂತಿದ್ದರು. ಪೇಪರನ್ನು ಗಲ್ಲಾದ ಮೇಲೆ ಹರಡಿ, ಅಂಗೈಯಲ್ಲಿ ಸವರಿ ಮಡಿಕೆ ಬಿಡಿಸಿದರು. ನಾನು ಕಂಪನಿ ಹೆಸರು ಹೇಳಲು ಹೋದೆ. ಅವರು ತಡೆದು, 'ಕಂಪನಿ ಆಮೇಲೆ ನೋಡೋಣಮ್ಮ. ಕೆಳಗಡೆ ಕೈ ಹೋಗುತ್ತಾ?' ಅಂತ ಕೇಳಿದರು. ಅಲ್ಲಿಯವರೆಗೆ ಯಾರೂ ನನ್ನನ್ನು ಈ ಪ್ರಶ್ನೆ ಕೇಳಿರಲಿಲ್ಲ. ನಮ್ಮ ಮನೆಯ ಸಮಸ್ಯೆ ಇದ್ದದ್ದೇ ಅದರಲ್ಲಿ. ಹೋಗಲ್ಲ ಅಂದೆ. ಒಳಗಿನಿಂದ ಒಂದು ಡಬ್ಬ ತರಿಸಿ, ಅದರ ಬೋಲ್ಟು ನನ್ನ ಕೈಗೆ ಕೊಟ್ಟರು.

ಆ ಬೋಲ್ಟಿಗೆ ರಬ್ಬರಿನ ಒಂದು ಕೊಳವೆ ಹಾಕಿರುತ್ತದೆ. ಕೊಳವೆಯ ತುದಿಯೊಳಗೆ ನಟ್ಟು ಅಡಗಿದೆ. ತೂತಿನೊಳಗೆ ರಬ್ಬರನ್ನು ಇಳಿಸಿ ಮೇಲಿಂದ ಸ್ಕ್ರೂ ಡ್ರೈವರ್ ತಿರುಗಿಸಿದರೆ ಒಳಗಿನ ನಟ್ಟು ಮೇಲಕ್ಕೆ ಏರುತ್ತದೆ. ರಬ್ಬರ್ ಕುಗ್ಗಿ, ಪಿಂಗಾಣಿಯ ಕೆಳಗಡೆ ಗುಂಡಗೆ ಉಬ್ಬಿ ಕಚ್ಚಿಕೊಳ್ಳುತ್ತದೆ. ಕೆಳಗಡೆ ಕೈ ಹಾಕುವ ಕೆಲಸವೇ ಇಲ್ಲ. ಗೋಡೆಗೆ ನೇತುಹಾಕುವ ಕಮೋಡ್‌ಗಳಲ್ಲಿ ಎಷ್ಟೋ ಕಡೆ ತೂತಿನ ಕೆಳಭಾಗ ಮುಚ್ಚಿಹೋಗಿರುತ್ತದೆ, ಅಂಥವಕ್ಕೂ ಇದನ್ನೇ ಹಾಕುವುದಂತೆ.

ಸೀಟು ಯೂರಿಯಾ ಫಾರ್ಮಾಲ್ಡಿಹೈಡ್‌ನದು. ಅಂಗಡಿಯವರು ಯು.ಎಫ್. ಅಂತಾರೆ. ಹಳೇ ಕಾಲದ ಬಿಳಿ ಸ್ವಿಚ್ಚುಗಳನ್ನು ಇಂಥದ್ದರಲ್ಲೇ ಮಾಡುತ್ತಿದ್ದರು. ಮುಟ್ಟಿದರೆ ಪಿಂಗಾಣಿಯ ಹಾಗೇ ತಣ್ಣಗೆ, ಗಟ್ಟಿ. ಬೇಗ ಗೀರು ಬೀಳುವುದಿಲ್ಲ. ಆದರೆ ಕೈಜಾರಿ ನೆಲಕ್ಕೆ ಬಿದ್ದರೆ ಸೀಳಬಹುದು. ಕಡಿಮೆ ಬೆಲೆಯವು ಪಿ.ಪಿ. ಪ್ಲಾಸ್ಟಿಕ್. ಹಗುರ, ಬಿದ್ದರೂ ಸುಲಭಕ್ಕೆ ಒಡೆಯುವುದಿಲ್ಲ, ಆದರೆ ಒಂದೇ ಕಡೆ ಭಾರ ಹಾಕಿದರೆ ಬಾಗುತ್ತದೆ. ಮಂಡಿನೋವಿನವರು ಒಂದೇ ಅಂಚಿಗೆ ಕೈ ಊರಿ ಏಳುತ್ತಾರೆ. ಅವರಿಗೆ ಬಾಗದ ಸೀಟೇ ಬೇಕು. ನಾನು ಕೊಟ್ಟದ್ದು 1,950 ರೂಪಾಯಿ. ಹೊಂದದಿದ್ದರೆ, ಬಿಗಿಯದೆ ವಾಪಸ್ ತಂದರೆ ಬದಲಾಯಿಸಿ ಕೊಡುತ್ತೇನೆ ಅಂತ ಬಿಲ್ಲಿನ ಮೇಲೆ ಅವರೇ ಬರೆದುಕೊಟ್ಟರು.

ಹಳೇದನ್ನು ತೆಗೆಯುವುದೇ ದೊಡ್ಡ ಕೆಲಸ. ಬಲಗಡೆಯ ಪ್ಲಾಸ್ಟಿಕ್ ನಟ್ಟು ಕೈಯಲ್ಲೇ ಬಂತು. ಎಡಗಡೆಯದಕ್ಕೆ ತುಕ್ಕು ಬಿಡಿಸುವ ಎಣ್ಣೆ ಹೊಡೆದು ರಾತ್ರಿಯೆಲ್ಲಾ ಬಿಟ್ಟೆ. ಮುಖ ನೋಡುವ ಕನ್ನಡಿಯನ್ನು ಸಂದಿಗೆ ಹಿಡಿದು, ಮೊಬೈಲ್ ಟಾರ್ಚ್ ಹಾಕಿ ನೋಡಿದೆ. ಸಿಮೆಂಟ್ ಮೆತ್ತಿದ್ದ ನಟ್ಟು ಬೆಲ್ಲದ ಉಂಡೆಯ ಹಾಗೆ ಕಾಣುತ್ತಿತ್ತು. ಅದಕ್ಕೆ ಪಾನಾ ಕೂರುವ ಮಾತೇ ಇಲ್ಲ. ಸುತ್ತಿಗೆಯಲ್ಲಿ ಹೊಡೆದರೆ ಕಮೋಡೇ ಬಿರುಕು ಬಿಡುತ್ತದೆ. ಉಳಿದದ್ದು ಕೊಯ್ಯುವುದೊಂದೇ ದಾರಿ.

ಮೊದಲು ಕಮೋಡಿನೊಳಗೆ ಹಳೇ ಟವೆಲ್ ತುರುಕಿದೆ, ತುಂಡುಗಳು ಒಳಗೆ ಬೀಳದಿರಲಿ ಅಂತ. ಹ್ಯಾಕ್ಸಾ ಬ್ಲೇಡನ್ನು ಅದರ ಫ್ರೇಮಿನಿಂದ ಬಿಚ್ಚಿ, ಒಂದು ತುದಿಗೆ ಬಟ್ಟೆ ಸುತ್ತಿ ಹಿಡಿ ಮಾಡಿಕೊಂಡೆ. ಸೀಟು ಅಲುಗಾಡುತ್ತಿದ್ದದ್ದು ಇಲ್ಲಿ ಅನುಕೂಲಕ್ಕೇ ಬಂತು. ಎತ್ತಿ ಹಿಡಿದರೆ ಕೀಲಿಗೂ ಪಿಂಗಾಣಿಗೂ ಮಧ್ಯೆ ಬ್ಲೇಡು ಹೋಗುವಷ್ಟು ಜಾಗ ಸಿಗುತ್ತಿತ್ತು. ಪಿಂಗಾಣಿಗೆ ಗೀರು ಬೀಳದಂತೆ ಒಂದು ಹಳೇ ಪ್ಲಾಸ್ಟಿಕ್ ಕಾರ್ಡನ್ನು ವಿ ಆಕಾರಕ್ಕೆ ಕತ್ತರಿಸಿ ಬೋಲ್ಟಿನ ಬುಡಕ್ಕೆ ತಳ್ಳಿದೆ. ನಮ್ಮನೆಯವರು ಸೀಟು ಎತ್ತಿ ಹಿಡಿದರು, ನಾನು ಕನ್ನಡಕ ಹಾಕಿಕೊಂಡು ಕೊಯ್ದೆ. ಬ್ಲೇಡು ಒಂದೊಂದು ಸಲಕ್ಕೆ ಒಂದಂಗುಲ ಓಡುತ್ತಿತ್ತು ಅಷ್ಟೇ. ಮೊದಲು ಕೆಂಪು ತುಕ್ಕಿನ ಪುಡಿ ಉದುರಿತು. ಸ್ವಲ್ಪ ಹೊತ್ತಿಗೆ ಬೆಳ್ಳಗೆ ಮಿನುಗುವ ಕಬ್ಬಿಣದ ಪುಡಿ ಬರತೊಡಗಿತು. ಬ್ಲೇಡು ಬೆರಳಿಗೆ ಬಿಸಿ ತಾಗಿದಾಗ ನಿಲ್ಲಿಸಿ ಎರಡು ಹನಿ ಎಣ್ಣೆ ಬಿಡುತ್ತಿದ್ದೆ. ನಲವತ್ತು ನಿಮಿಷಕ್ಕೆ ಟಕ್ ಅಂತ ತುಂಡಾಯಿತು. ಉಳಿದ ಮೋಟನ್ನು ಸ್ಕ್ರೂ ಡ್ರೈವರಿನಿಂದ ಮೇಲಿಂದ ಒತ್ತಿ ಅಲುಗಿಸಿದೆ. ಸಿಮೆಂಟ್ ಸಮೇತ ಹಿಂದಕ್ಕೆ ಬಿತ್ತು. ಸೀಟಿನ ಕೆಳಗೆ ಎಂಟು ವರ್ಷದ ಕೊಳೆ. ಅದನ್ನು ತೊಳೆದದ್ದೇ ಒಂದು ಸಮಾಧಾನ.

ಹೊಸದನ್ನು ಕೂರಿಸಲು ಇಪ್ಪತ್ತು ನಿಮಿಷ. ತೂತಿನೊಳಗೆ ತೇವ ಇದ್ದರೆ ರಬ್ಬರ್ ಜಾರುತ್ತದೆ, ಪೂರ್ತಿ ಒರೆಸಬೇಕು. ಈ ಸೀಟಿನಲ್ಲಿ ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ಕೀಲಿನ ಕೆಳಗಿರುವ ತಟ್ಟೆ. ಅದರ ತೂತು ನಡುವಿನಲ್ಲಿಲ್ಲ, ಒಂದು ಪಕ್ಕಕ್ಕಿದೆ. ತಟ್ಟೆಯನ್ನು ತಿರುಗಿಸಿದರೆ ಸೀಟು ಹಿಂದೆ ಮುಂದೆ ಸರಿಯುತ್ತದೆ. ಹಾಗೆ ಒಂದು ಸೆಂಟಿಮೀಟರ್ ಮುಂದಕ್ಕೆ ತಂದೆ. ಈಗ ಮುಚ್ಚಳ ನೆಟ್ಟಗಿನ ಗೆರೆ ದಾಟಿ ಹಿಂದಕ್ಕೆ ಸ್ವಲ್ಪ ವಾಲಿ ಟ್ಯಾಂಕಿಗೆ ಒರಗುತ್ತದೆ, ತಾನಾಗಿ ಬೀಳುವುದಿಲ್ಲ. ಸ್ಕ್ರೂ ಮಾತ್ರ ಕೈಬಲದಲ್ಲಿ ಬಿಗಿಯಿರಿ. ಅತಿಯಾದರೆ ಪಿಂಗಾಣಿ ಬಿರುಕು ಬಿಡಬಹುದು.

ಮೂರು ತಿಂಗಳಾಯಿತು. ಎರಡನೇ ವಾರದಲ್ಲಿ ರಬ್ಬರ್ ಕೂತುಕೊಂಡು ಒಂದು ಕೂದಲೆಳೆಯಷ್ಟು ಸಡಿಲವಾಗಿತ್ತು. ಅರ್ಧ ಸುತ್ತು ಬಿಗಿದೆ, ಆಮೇಲೆ ಅಲುಗಿಲ್ಲ. ಮುಚ್ಚಳ ನಿಧಾನವಾಗಿ ತಾನೇ ಇಳಿಯುತ್ತದೆ. ಬಂದ ನೆಂಟರಿಗೆ ಇದು ಗೊತ್ತಿರದೆ ಕೈಯಲ್ಲಿ ಒತ್ತುತ್ತಾರೆ. ಹಾಗೆ ಒತ್ತಿದರೆ ಕೀಲಿನೊಳಗಿನ ತಡೆ ಹಾಳಾಗುತ್ತದೆ, ನೀವೂ ಮನೆಯವರಿಗೆ ಮೊದಲೇ ಹೇಳಿಡಿ. ಹಿಂದೆ ಒಂದು ಗುಂಡಿ ಇದೆ, ಒತ್ತಿದರೆ ಇಡೀ ಸೀಟು ಮೇಲಕ್ಕೆ ಬರುತ್ತದೆ. ವಾರಕ್ಕೊಮ್ಮೆ ತೆಗೆದು ಕೀಲಿನ ಬುಡ ಒರೆಸುತ್ತೇನೆ. ಸಾಬೂನು ನೀರು ಸಾಕು. ಕಮೋಡ್ ತೊಳೆಯುವ ಆಸಿಡ್ ಕೀಲಿಗೆ ತಾಗಬಾರದು.

ಕೊರತೆ ಎರಡು. ಕೀಲಿನ ಮೇಲಿನ ಬೆಳ್ಳಿ ಬಣ್ಣದ ಟೊಪ್ಪಿ ಬರೀ ಪ್ಲಾಸ್ಟಿಕ್, ಈಗಲೇ ಒಂದರ ಅಂಚಿನಲ್ಲಿ ಬಣ್ಣ ಎದ್ದಿದೆ. ಡಬ್ಬದೊಳಗಿನ ಚೀಟಿಯಲ್ಲಿ ಚಿತ್ರ ಬಿಟ್ಟರೆ ಒಂದಕ್ಷರ ಕನ್ನಡ ಇಲ್ಲ. ಆ ತಟ್ಟೆ ತಿರುಗಿಸಬಹುದು ಅನ್ನುವುದು ಅಂಗಡಿಯವರು ಹೇಳದಿದ್ದರೆ ನನಗೆ ತಿಳಿಯುತ್ತಿರಲಿಲ್ಲ.

ಕೂರಿಸಿದ ದಿನ ಅತ್ತೆ ಮೊದಲು ನಿಂತುಕೊಂಡೇ ಸೀಟಿನ ಅಂಚನ್ನು ಎರಡೂ ಕೈಯಲ್ಲಿ ಹಿಡಿದು ಆ ಕಡೆ ಈ ಕಡೆ ಜಗ್ಗಿ ನೋಡಿದರು. 'ಗಟ್ಟಿಯಾಗಿದೆ ಕಣಮ್ಮ' ಅಂದರು. ಮಾರನೇ ದಿನದಿಂದ ತಂಬಿಗೆ ನೀರು ಮತ್ತೆ ಅವರ ಮಂಚದ ಪಕ್ಕಕ್ಕೆ ಬಂತು. ಮುಂದಿನ ವಾರ ಎಡಗಡೆ ಗೋಡೆಗೆ ಸ್ಟೀಲ್ ಹಿಡಿಕೆ ಹಾಕಿಸುತ್ತಿದ್ದೇನೆ.